ಊರಿನ ಮನೆಯಿಂದ ಕೋಡ್ ಬರೆಯುವುದು: ಬೆಂಗಳೂರಿನ ರೂಮ್ ಬಿಡುವ ಮೊದಲು ಓದಿಕೊಳ್ಳಿ

ಸಾಗರ, ಶಿರಸಿ, ಪುತ್ತೂರು, ಹಾವೇರಿ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಕೋಡ್ ಬರೆಯುವ ಎಷ್ಟೋ ಜನರ ತಲೆಯಲ್ಲಿ ಒಂದು ಲೆಕ್ಕ ಸದಾ ಓಡುತ್ತಿರುತ್ತದೆ. ರೂಮಿನ ಬಾಡಿಗೆ ಎಷ್ಟು, ಔಟರ್ ರಿಂಗ್ ರೋಡಿನಲ್ಲಿ ದಿನಾ ಕಳೆಯುವ ಹೊತ್ತು ಎಷ್ಟು, ಊರಲ್ಲಿರುವ ಅಪ್ಪ ಅಮ್ಮನಿಗೆ ವಯಸ್ಸೆಷ್ಟಾಯಿತು. 2020ರ ಲಾಕ್‌ಡೌನ್‌ನಲ್ಲಿ ಊರಿನಿಂದಲೂ ಕೆಲಸ ಆಗುತ್ತದೆ ಅಂತ ಎಲ್ಲರಿಗೂ ಗೊತ್ತಾಯಿತು. 2021ರ ಆಗಸ್ಟ್‌ನಲ್ಲಂತೂ ಸರ್ಕಾರವೇ ಕಂಪನಿಗಳನ್ನು ಕೇಳಿಕೊಂಡಿತು: ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ ಇದೆ, 2022ರ ಡಿಸೆಂಬರ್ ತನಕ ಮನೆಯಿಂದಲೇ ಕೆಲಸ ಮಾಡಿಸಿ ಅಂತ.

ನಾನು ಸಾಗರದ ಹತ್ತಿರದ ಹಳ್ಳಿಯಲ್ಲಿ ಕೂತು ಬ್ಯಾಕ್‌ಎಂಡ್ (ಸರ್ವರ್ ಕಡೆಯ ಕೋಡ್) ಕೆಲಸ ಮಾಡುತ್ತೇನೆ. ಊರಿಗೆ ಬರಬೇಕು ಅನ್ನುವ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಆ ಉತ್ತರಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೆವಲಪರ್‌ಗೆ ಮನೆ ಕೊಡುವ ದೊಡ್ಡ ಲಾಭ ತುಂಡಾಗದ ಸಮಯ. ಒಂದು ಬಗ್‌ನ ಬೆನ್ನು ಹತ್ತಿ ಮೂರು ಗಂಟೆ ಯಾರೂ ಮಾತಾಡಿಸದೆ ಕೂರುವುದು ಓಪನ್ ಆಫೀಸಿನಲ್ಲಿ ಸಾಧ್ಯವೇ ಇಲ್ಲ. ಆದರೆ ಆಫೀಸು ಸದ್ದಿಲ್ಲದೆ ಕೊಡುತ್ತಿದ್ದ ಕೆಲವು ಸಂಗತಿಗಳಿವೆ. ನಿಲ್ಲದ ಕರೆಂಟ್, ಒಳ್ಳೆಯ ನೆಟ್, ಪಕ್ಕದವರಿಂದ ಕಲಿಯುವುದು, ನಾವು ಮಾಡಿದ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳುವುದು. ಮನೆಗೆ ಬಂದರೆ ಇವನ್ನೆಲ್ಲ ನಾವೇ ಹೊಂದಿಸಿಕೊಳ್ಳಬೇಕು.

1. ಆಫೀಸಿನ ಜೊತೆ ಮಾತು, ಅದೂ ಬರಹದಲ್ಲಿ

ಸರ್ಕಾರದ ಕಡೆಯಿಂದ ಈಗ ದೊಡ್ಡ ಅಡ್ಡಿಯಿಲ್ಲ. 2020ರ ನವೆಂಬರ್‌ನಲ್ಲೇ ದೂರಸಂಪರ್ಕ ಇಲಾಖೆ ಐಟಿ ಮತ್ತು ಬಿಪಿಒ ಕಂಪನಿಗಳ ಮೇಲಿದ್ದ ಹಳೆಯ ನಿಯಮಗಳನ್ನು ಸಡಿಲಿಸಿದೆ. ಅಡ್ಡಿ ಬರುವುದು ಕಂಪನಿಯ ಪಾಲಿಸಿಯಿಂದ, ಕೆಲವೊಮ್ಮೆ ಕ್ಲೈಂಟ್‌ನ ಒಪ್ಪಂದದಿಂದ. ನಿಮ್ಮ ಪ್ರಾಜೆಕ್ಟ್ ಬ್ಯಾಂಕಿನದೋ ವಿಮಾ ಕಂಪನಿಯದೋ ಆಗಿದ್ದರೆ, ಕೋಡ್ ಮತ್ತು ಡೇಟಾ ಆಫೀಸಿನ ಒಡಿಸಿ (ಆ ಕ್ಲೈಂಟ್‌ನ ಕೆಲಸಕ್ಕೆಂದೇ ಮೀಸಲಿಟ್ಟ ಜಾಗ) ದಾಟಿ ಹೊರಗೆ ಹೋಗಬಾರದು ಎಂಬ ಷರತ್ತು ಇರಬಹುದು. ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ಅದನ್ನು ಅವರು ಬದಲಿಸಲಾರರು. ಇದನ್ನು ಮೊದಲ ದಿನವೇ ಕೇಳಿ.

ಬಾಯಿಮಾತಿನ ಒಪ್ಪಿಗೆ ನಂಬಿ ಸಾಮಾನು ಕಟ್ಟಬೇಡಿ. ಮ್ಯಾನೇಜರ್ ಬದಲಾಗುತ್ತಾರೆ, ಪಾಲಿಸಿಯೂ ಬದಲಾಗುತ್ತದೆ. 2023ರ ಕೊನೆಯಲ್ಲಿ ಟಿಸಿಎಸ್ ವಾರದ ಐದೂ ದಿನ, ವಿಪ್ರೋ ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು ಅಂದವು. ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಇಷ್ಟನ್ನು ಸ್ಪಷ್ಟ ಮಾಡಿಕೊಳ್ಳಿ: ನಿಮ್ಮ ಕೆಲಸದ ಊರು ದಾಖಲೆಯಲ್ಲಿ ಯಾವುದು? ತಿಂಗಳಿಗೆ ಎಷ್ಟು ದಿನ ಆಫೀಸಿಗೆ ಬರಬೇಕು? ವಾಪಸ್ ಕರೆದರೆ ಎಷ್ಟು ದಿನ ಮುಂಚೆ ಹೇಳುತ್ತಾರೆ? ಲ್ಯಾಪ್‌ಟಾಪ್ ಕೆಟ್ಟರೆ ಊರಿಗೆ ಕಳಿಸುತ್ತಾರಾ, ನೀವೇ ಹೊತ್ತುಕೊಂಡು ಹೋಗಬೇಕಾ? ನೆಟ್ ಬಿಲ್ ಯಾರದು? ಕೊನೆಯ ಎರಡು ಪ್ರಶ್ನೆ ಸಣ್ಣವು ಅನ್ನಿಸಬಹುದು. ಕೀಬೋರ್ಡ್ ಸತ್ತು, ಮರುದಿನ ರಿಲೀಸ್ ಇದ್ದಾಗ ಅವೇ ದೊಡ್ಡವಾಗುತ್ತವೆ.

2. ಪರೀಕ್ಷೆ ಮಾಡುವುದಾದರೆ ಮಳೆಗಾಲದಲ್ಲಿ ಮಾಡಿ

ದೀಪಾವಳಿಗೋ ಸಂಕ್ರಾಂತಿಗೋ ಊರಿಗೆ ಬಂದು, ನಾಲ್ಕು ದಿನ ಲ್ಯಾಪ್‌ಟಾಪ್ ಹಿಡಿದು, "ಎಲ್ಲ ಸರಿಯಾಗಿದೆ" ಅಂತ ತೀರ್ಮಾನ ಮಾಡುವವರು ಜಾಸ್ತಿ. ಮಲೆನಾಡು, ಕರಾವಳಿಯ ನಿಜವಾದ ಪರೀಕ್ಷೆ ಜುಲೈ ತಿಂಗಳಿನದು. ಮರ ಬಿದ್ದು ಲೈನ್ ಹೋಗುತ್ತದೆ, ಅದೇ ಮರ ಫೈಬರ್ ಕೇಬಲನ್ನೂ ಎಳೆದು ಹಾಕುತ್ತದೆ, ಲೈನ್‌ಮ್ಯಾನ್‌ಗೆ ಹತ್ತು ಕಡೆಯಿಂದ ಕರೆ. ಸಾಧ್ಯವಿದ್ದರೆ ಜುಲೈನಲ್ಲಿ ಒಂದು ಪೂರ್ತಿ ತಿಂಗಳು ಊರಿನಿಂದ ಕೆಲಸ ಮಾಡಿ ನೋಡಿ. ಅಲ್ಲಿಯವರೆಗೆ ಬೆಂಗಳೂರಿನ ರೂಮ್ ಬಿಡಬೇಡಿ. ಬಯಲುಸೀಮೆಯವರಿಗೆ ಏಪ್ರಿಲ್, ಮೇ ನೋಡಿಕೊಂಡರೆ ಸಾಕು. ಬೇಸಿಗೆಯ ಲೋಡ್‌ಶೆಡ್ಡಿಂಗ್ ಮತ್ತು ಸೆಕೆ ಎರಡೂ ಗೊತ್ತಾಗುತ್ತವೆ.

3. ನೆಟ್: ವೇಗ ನೋಡಬೇಡಿ, ಸ್ಥಿರತೆ ನೋಡಿ

ಎಲ್ಲರೂ ಸ್ಪೀಡ್ ಟೆಸ್ಟ್ ಮಾಡಿ "100 ಎಂಬಿಪಿಎಸ್ ಬರ್ತಿದೆ" ಅನ್ನುತ್ತಾರೆ. ಒಂದು ಎಚ್‌ಡಿ ವಿಡಿಯೊ ಕಾಲ್‌ಗೆ ಬೇಕಾಗುವುದು 3ರಿಂದ 4 ಎಂಬಿಪಿಎಸ್ ಅಷ್ಟೇ. ಕಾಟ ಕೊಡುವುದು ಅಪ್‌ಲೋಡ್ ಕಡಿಮೆ ಇರುವುದು ಮತ್ತು ನಡುನಡುವೆ ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಕಳೆದುಹೋಗುವುದು. ಹಾಗಾಗಿ ಹೀಗೆ ಮಾಡಿ: ಒಂದು ಕೆಲಸದ ದಿನ, ಬೆಳಿಗ್ಗೆ ಒಮ್ಮೆ ಮತ್ತು ಊರೆಲ್ಲ ಫೋನ್ ಹಿಡಿಯುವ ರಾತ್ರಿ ಎಂಟರ ಹೊತ್ತಿಗೆ ಒಮ್ಮೆ, ಟರ್ಮಿನಲ್‌ನಲ್ಲಿ ಪಿಂಗ್ (ಒಂದು ಸರ್ವರ್‌ಗೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್) ಹಾಕಿ ಒಂದು ಗಂಟೆ ಬಿಡಿ. ಕೊನೆಯಲ್ಲಿ ಪ್ಯಾಕೆಟ್ ಲಾಸ್ ಶೇಕಡಾ ಎಷ್ಟು ಅಂತ ಬರುತ್ತದೆ. ಸೊನ್ನೆಯ ಹತ್ತಿರ ಇದ್ದರೆ 30 ಎಂಬಿಪಿಎಸ್ ಪ್ಲ್ಯಾನ್‌ನಲ್ಲೂ ಆರಾಮಾಗಿ ಕೆಲಸ ಆಗುತ್ತದೆ. ಎರಡು ಮೂರು ಇದ್ದರೆ 200 ಎಂಬಿಪಿಎಸ್ ಇದ್ದರೂ ನಿಮ್ಮ ಮಾತು ತುಂಡು ತುಂಡಾಗಿ ಕೇಳುತ್ತದೆ.

ಈ ಪರೀಕ್ಷೆಯನ್ನು ವೈಫೈನಲ್ಲಿ ಒಂದು ಸಲ, ಲ್ಯಾನ್ ಕೇಬಲ್ ಹಾಕಿ ಒಂದು ಸಲ ಮಾಡಿ. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆ ವೈಫೈ ಸಿಗ್ನಲನ್ನು ನುಂಗಿಬಿಡುತ್ತವೆ. ಜಗಲಿಯಲ್ಲಿ ರೂಟರ್, ಮಹಡಿಯಲ್ಲಿ ನೀವು ಅಂದರೆ ಕಷ್ಟ. ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿಬಿಟ್ಟರೆ ಎಷ್ಟೋ ಜನರ "ನೆಟ್ ಸರಿಯಿಲ್ಲ" ಅಲ್ಲಿಗೇ ಮುಗಿಯುತ್ತದೆ.

ಎರಡನೆಯ ನೆಟ್ ಬೇಕೇ ಬೇಕು. ಅದು ಬೇರೆ ದಾರಿಯಿಂದ ಬರಬೇಕು: ಫೈಬರ್ ಒಂದು ಕಂಪನಿಯದಾದರೆ ಮೊಬೈಲ್ ಸಿಮ್ ಇನ್ನೊಂದು ಕಂಪನಿಯದು. ಹಳ್ಳಿಯಲ್ಲಿ ಇನ್ನೂ ಒಂದು ವಿಷಯ ವಿಚಾರಿಸಿ. ಕರೆಂಟ್ ಹೋದ ಮೇಲೆ ನಿಮ್ಮೂರಿನ ಟವರ್ ಎಷ್ಟು ಹೊತ್ತು ನಿಲ್ಲುತ್ತದೆ? ಕೆಲವು ಟವರ್‌ಗಳಲ್ಲಿ ಬ್ಯಾಟರಿ ಹಳೆಯದು, ಡೀಸೆಲ್ ಹಾಕುವವರಿಲ್ಲ. ಕರೆಂಟ್ ಹೋಗಿ ಅರ್ಧ ಗಂಟೆಗೆ ಸಿಗ್ನಲ್ಲೂ ಹೋಗುತ್ತದೆ. ಇದು ಯಾವ ಕಂಪನಿಯ ವೆಬ್‌ಸೈಟ್‌ನಲ್ಲೂ ಸಿಗುವುದಿಲ್ಲ, ಅಂಗಡಿಯವರನ್ನೋ ಕೇಬಲ್ ಹುಡುಗನನ್ನೋ ಕೇಳಬೇಕು. ಕೇಬಲ್ ಹುಡುಗನ ನಂಬರ್ ಹೇಗೂ ಇಟ್ಟುಕೊಳ್ಳಿ. ಕಸ್ಟಮರ್ ಕೇರ್‌ಗಿಂತ ಬೇಗ ಬರುವವನು ಅವನೇ.

ಮೊಬೈಲ್ ಡೇಟಾದಲ್ಲಿ ದಿನ ದೂಡುವಾಗ ಕೆಲಸದ ರೀತಿಯನ್ನೂ ಬದಲಿಸಿಕೊಳ್ಳಬೇಕು. ಒಂದು ಗಂಟೆಯ ವಿಡಿಯೊ ಕಾಲ್ ಸುಮಾರು 1 ಜಿಬಿ ತಿನ್ನುತ್ತದೆ, ಕ್ಯಾಮೆರಾ ಆಫ್ ಮಾಡಿ. ದೊಡ್ಡ ಗಿಟ್ ರೆಪೊ (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹ) ಪೂರ್ತಿ ಎಳೆಯುವ ಬದಲು ಶ್ಯಾಲೊ ಕ್ಲೋನ್ ಅಥವಾ ಪಾರ್ಶಿಯಲ್ ಕ್ಲೋನ್ ಮಾಡಿ, ಬೇಕಾದಷ್ಟು ಭಾಗ ಮಾತ್ರ ಇಳಿಯುತ್ತದೆ. ಡಾಕರ್ ಇಮೇಜ್‌ಗಳನ್ನು (ಪ್ರೋಗ್ರಾಮ್ ಓಡಲು ಬೇಕಾದ್ದೆಲ್ಲ ಇರುವ ದೊಡ್ಡ ಕಟ್ಟುಗಳು) ರಾತ್ರಿ ಮಲಗುವಾಗ ಇಳಿಸಿಕೊಳ್ಳಿ. ಭಾರವಾದ ಬಿಲ್ಡ್ ಇದ್ದರೆ ಕಂಪನಿಯ ಕ್ಲೌಡ್‌ನಲ್ಲಿ ಒಂದು ಡೆವಲಪ್‌ಮೆಂಟ್ ಮಷೀನ್ ಕೇಳಿ. ಅದಕ್ಕೆ ಎಸ್‌ಎಸ್‌ಎಚ್‌ನಲ್ಲಿ (ದೂರದ ಮಷೀನ್‌ಗೆ ಟರ್ಮಿನಲ್‌ನಿಂದ ಸೇರುವ ದಾರಿ) ಹೋಗಿ, ಸಂಪರ್ಕ ಕಡಿದರೂ ಕೆಲಸವನ್ನು ಅಲ್ಲೇ ಓಡಿಸುವ ಟಿಮಕ್ಸ್ ಒಳಗೆ ಕೆಲಸ ಮಾಡಿದರೆ ನೆಟ್ ಹೋದರೂ ಓಡುತ್ತಿದ್ದ ಟೆಸ್ಟ್ ನಿಲ್ಲುವುದಿಲ್ಲ; ಮತ್ತೆ ಸೇರಿದಾಗ ಬಿಟ್ಟ ಜಾಗದಲ್ಲೇ ಇರುತ್ತದೆ. ಸಂಜೆ ಕೆಲಸದಿಂದ ಏಳುವ ಮುಂಚೆ ಅರ್ಧಂಬರ್ಧ ಕೋಡನ್ನೂ ನಿಮ್ಮ ಬ್ರಾಂಚ್‌ಗೆ ಪುಶ್ ಮಾಡುವುದು ರೂಢಿಯಾಗಲಿ. ನಾಳೆ ನೆಟ್ ಇಲ್ಲದಿದ್ದರೆ ತಂಡದ ಇನ್ನೊಬ್ಬರು ಮುಂದುವರಿಸಬಹುದು.

4. ಕರೆಂಟ್‌ನ ಲೆಕ್ಕ

ಇಲ್ಲಿ ಅಂದಾಜಿಗಿಂತ ಲೆಕ್ಕವೇ ಒಳ್ಳೆಯದು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಅಂದರೆ 1,800 ವ್ಯಾಟ್-ಅವರ್. ಇನ್ವರ್ಟರ್‌ನಲ್ಲಿ ಆಗುವ ನಷ್ಟ ಮತ್ತು ಬ್ಯಾಟರಿಯ ಆಯಸ್ಸು ನೋಡಿಕೊಂಡು ಅರ್ಧವನ್ನು ಮಾತ್ರ ನಂಬಿ, 900. ಲ್ಯಾಪ್‌ಟಾಪ್ 60 ವ್ಯಾಟ್, ಮಾನಿಟರ್ 25, ರೂಟರ್ 10 ರಿಂದ 15. ಒಟ್ಟು 100 ವ್ಯಾಟ್ ಅಂದುಕೊಂಡರೆ ಎಂಟೊಂಬತ್ತು ಗಂಟೆ. ಒಂದು ಕೆಲಸದ ದಿನ ಸರಿಯಾಗಿ ಕಳೆಯುತ್ತದೆ. ಆದರೆ ಅದೇ ಇನ್ವರ್ಟರ್‌ಗೆ ಮನೆಯ ಫ್ಯಾನು, ಲೈಟು, ಟಿವಿ ಎಲ್ಲ ಸೇರಿದ್ದರೆ ಮೂರು ಗಂಟೆಗೆ ಕೈಕೊಡಬಹುದು. ಎಲೆಕ್ಟ್ರಿಷಿಯನ್ ಕರೆಸಿ ನಿಮ್ಮ ಕೋಣೆಗೆ ಬೇರೆ ಲೈನ್ ಮಾಡಿಸುವುದು ಉತ್ತಮ. ಪ್ಯೂರ್ ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟ್‌ನ ಹಾಗೇ ನಯವಾದ ಅಲೆಯ ಕರೆಂಟ್ ಕೊಡುವುದು) ತೆಗೆದುಕೊಳ್ಳಿ.

ಇನ್ನೊಂದು ಸಣ್ಣ ಸಂಗತಿ ಎಲ್ಲರೂ ಮರೆಯುತ್ತಾರೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಒಂದು ಕ್ಷಣದಲ್ಲಿ ಲ್ಯಾಪ್‌ಟಾಪ್‌ಗೆ ಏನೂ ಆಗುವುದಿಲ್ಲ, ಅದಕ್ಕೆ ಬ್ಯಾಟರಿ ಇದೆ. ರೂಟರ್ ಮಾತ್ರ ಆಫ್ ಆಗಿ ಆನ್ ಆಗುತ್ತದೆ. ಫೈಬರ್ ಡಬ್ಬಿ ಮತ್ತೆ ಎದ್ದು, ಲೈಟ್ ಹಸಿರಾಗಿ, ವಿಪಿಎನ್ (ಕಂಪನಿಯ ಜಾಲಕ್ಕೆ ಹೋಗುವ ಸುರಕ್ಷಿತ ದಾರಿ) ಸೇರುವಷ್ಟರಲ್ಲಿ ಕೆಲವು ನಿಮಿಷ ಹೋಗಿರುತ್ತವೆ. ಗಾಳಿಮಳೆಯಲ್ಲಿ ಕರೆಂಟ್ ಹತ್ತು ಸಲ ಹೋಗಿ ಬಂದರೆ ಹತ್ತು ಸಲ ನೀವು ಮೀಟಿಂಗ್‌ನಿಂದ ಹೊರಗೆ. ರೂಟರ್‌ಗೆಂದೇ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಿಗುತ್ತದೆ, ಅಂಗೈಯಷ್ಟು ದೊಡ್ಡದು. ಅದೊಂದನ್ನು ನಡುವೆ ಸೇರಿಸಿದರೆ ಈ ಕಾಟ ಪೂರ್ತಿ ತಪ್ಪುತ್ತದೆ. ಈ ಬರಹದಲ್ಲಿ ಹೇಳಿದ್ದರಲ್ಲಿ ಒಂದೇ ಒಂದು ವಸ್ತು ಕೊಳ್ಳುವುದಾದರೆ ಅದನ್ನು ಕೊಳ್ಳಿ.

ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ, ಅಂದರೆ ಏಪ್ರಿಲ್, ಮೇನಲ್ಲಿ, ಮೋಡ ಕಟ್ಟಿದ ಕೂಡಲೇ ಚಾರ್ಜರ್, ಮಾನಿಟರ್, ರೂಟರ್ ಎಲ್ಲದರ ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಅಡಾಪ್ಟರ್ ಮತ್ತು ಲ್ಯಾನ್ ಕೇಬಲ್ ಮೂಲಕ ಸಿಡಿಲಿನ ಏಟು ಬರುತ್ತದೆ. ಅಷ್ಟು ಹೊತ್ತು ಬ್ಯಾಟರಿ ಮತ್ತು ಮೊಬೈಲ್ ನೆಟ್. ಮೆಸ್ಕಾಂ, ಹೆಸ್ಕಾಂ ಲೈನ್ ಕೆಲಸಕ್ಕೆಂದು ಕರೆಂಟ್ ತೆಗೆಯುವ ದಿನಗಳನ್ನು ಪತ್ರಿಕೆಯಲ್ಲಿ ಮೊದಲೇ ಹಾಕುತ್ತಾರೆ. ನೋಡಿಕೊಂಡು ಕ್ಯಾಲೆಂಡರ್‌ಗೆ ಹಾಕಿ. ದೂರಿಗೆ 1912.

5. ಕೋಣೆ, ಕುರ್ಚಿ

ಬಾಗಿಲು ಹಾಕಲು ಬರುವ ಒಂದು ಕೋಣೆ ಬೇಕು. ಸ್ಕ್ರೀನ್‌ನ ಮೇಲಂಚು ಕಣ್ಣಿನ ಮಟ್ಟಕ್ಕೆ, ಪಾದ ನೆಲಕ್ಕೆ, ಬೆನ್ನಿಗೆ ಆಸರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡ್ ದೂರದ ತೆಂಗಿನ ಮರವನ್ನೋ ಗುಡ್ಡವನ್ನೋ ನೋಡಿ. ಕುರ್ಚಿಗೆ ಖರ್ಚು ಮಾಡಿ, ಮೇಜು ಮನೆಯದೇ ಸಾಕು. ರೂಟರ್‌ನ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. ಎದ್ದಾಗ ಸ್ಕ್ರೀನ್ ಲಾಕ್ ಮಾಡುವ ಅಭ್ಯಾಸ ಮನೆಯಲ್ಲೂ ಇರಲಿ.

6. ಮನೆಯವರಿಗೆ ಗೊತ್ತಾಗುವ ಹಾಗೆ ಹೇಳಿ

ಊರಿನಲ್ಲಿ ಕೆಲಸ ಅಂದರೆ ತೋಟಕ್ಕೆ ಹೋಗುವುದು, ಅಂಗಡಿ ತೆರೆಯುವುದು, ಶಾಲೆಗೆ ಹೋಗುವುದು. ಮನೆಯೊಳಗೆ ಕೂತು ಪರದೆ ನೋಡುತ್ತಿರುವವನನ್ನು ಬಿಡುವಾಗಿದ್ದಾನೆ ಅಂದುಕೊಳ್ಳುವುದು ಸಹಜ. "ಮನೇಲೇ ಇದ್ದೀಯಲ್ಲ, ಪೇಟೆಗೆ ಹೋಗಿ ಔಷಧಿ ತಂದುಬಿಡು." "ದೊಡ್ಡಪ್ಪ ಬಂದಿದ್ದಾರೆ, ಎರಡು ನಿಮಿಷ ಬಂದು ಮಾತಾಡಿಸು." ಪಕ್ಕದ ಮನೆಯವರು ಇನ್ನೂ ನೇರವಾಗಿ ಕೇಳುತ್ತಾರೆ: "ಏನಪ್ಪಾ, ಕೆಲಸ ಬಿಟ್ಯಾ?"

ಇದಕ್ಕೆ ಸಿಟ್ಟಾಗಬೇಡಿ. "ನಂಗೆ ಕೆಲಸ ಇದೆ" ಅನ್ನುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಗಂಟೆ ಹೇಳಿ. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದರವರೆಗೆ ಬಾಗಿಲು ಹಾಕಿರುತ್ತದೆ, ಆಗ ಕರೆಯಬೇಡಿ. ಒಂದರಿಂದ ಎರಡೂವರೆ ಪೂರ್ತಿ ನಿಮ್ಮ ಜೊತೆ, ಊಟ, ಮಾತು, ಪೇಟೆ ಏನಿದ್ದರೂ ಆಗ. ಇಷ್ಟು ಖಚಿತವಾಗಿ ಹೇಳಿದರೆ ಅಪ್ಪ ಅಮ್ಮನೇ ಬಂದವರಿಗೆ ಹೇಳಿ ಕಳಿಸುತ್ತಾರೆ. ನೀವು ಕೊಟ್ಟ ಆ ಒಂದೂವರೆ ಗಂಟೆಯನ್ನು ಮಾತ್ರ ಮೀಟಿಂಗ್‌ಗೆ ಬಿಟ್ಟುಕೊಡಬೇಡಿ. ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿಡಿ.

ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸೊಸೆ ಮನೆಯಲ್ಲೇ ಇದ್ದಾಳೆ ಅಂದ ಕೂಡಲೇ ಬೆಳಗಿನ ತಿಂಡಿಯಿಂದ ಸಂಜೆಯ ಕಾಫಿವರೆಗೆ ಎಲ್ಲವೂ ಅವಳ ಪಾಲಿಗೆ ಬೀಳುತ್ತದೆ, ಮೀಟಿಂಗ್‌ನ ನಡುವೆ ಕುಕ್ಕರ್ ವಿಷಲ್ ಎಣಿಸುವ ಹಾಗಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಡೆವಲಪರ್‌ಗಳಾದರೂ ಹೀಗೇ ನಡೆಯುವ ಮನೆಗಳಿವೆ. ಊರಿಗೆ ಹೋಗುವ ಮುಂಚೆಯೇ ಯಾವ ಕೆಲಸ ಯಾರದು ಅಂತ ಇಬ್ಬರೂ ಕೂತು ಮಾತಾಡಿ, ಗಂಡನೇ ತನ್ನ ಮನೆಯವರಿಗೆ ಹೇಳಬೇಕು. ಅಡುಗೆಗೆ ಸಹಾಯಕ್ಕೆ ಒಬ್ಬರು ಸಿಗುವುದಾದರೆ ಉಳಿದ ಬಾಡಿಗೆ ದುಡ್ಡು ಅದಕ್ಕೆ ಹೋಗಲಿ.

7. ವಿದೇಶದ ತಂಡವಿದ್ದರೆ ಗಡಿಯಾರ

ಅಮೆರಿಕ, ಯುರೋಪಿನಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ನ್ಯೂಯಾರ್ಕ್‌ನ ಬೆಳಿಗ್ಗೆ 9.30 ಬೇಸಿಗೆಯಲ್ಲಿ ನಮಗೆ ಸಂಜೆ 7, ಚಳಿಗಾಲದಲ್ಲಿ ರಾತ್ರಿ 8. ಅಮೆರಿಕದಲ್ಲಿ ಬದಲಾವಣೆ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಎರಡೂ ಕಡೆಯವರಿದ್ದರೆ ನಡುವಿನ ವಾರಗಳಲ್ಲಿ ಗೊಂದಲ ಖಚಿತ. ಮೀಟಿಂಗನ್ನು ಕ್ಯಾಲೆಂಡರ್‌ನಲ್ಲಿ ಅವರ ಊರಿನ ಟೈಮ್‌ಝೋನ್‌ನಲ್ಲೇ ಹಾಕಿ, ಅದು ತಾನಾಗಿ ಸರಿಯುತ್ತದೆ.

ರಾತ್ರಿ ಎಂಟಕ್ಕೆ ಮೀಟಿಂಗ್ ಇದ್ದ ದಿನ ಬೆಳಿಗ್ಗೆ ಅಷ್ಟೇ ಹೊತ್ತು ತಡವಾಗಿ ಶುರು ಮಾಡಿ. ಮನೆಯಿಂದ ಕೆಲಸ ಮಾಡುವವರ ದಿನ ಎರಡೂ ತುದಿಯಿಂದ ಉದ್ದವಾಗುತ್ತಾ ಹೋಗುತ್ತದೆ, ಅದನ್ನು ತಡೆಯುವವರು ಬೇರೆ ಯಾರೂ ಇಲ್ಲ. ಕೆಲಸ ಮುಗಿದ ಮೇಲೆ ಫೋನ್‌ನಲ್ಲಿ ಸ್ಲ್ಯಾಕ್ (ತಂಡದ ಚಾಟ್) ನೋಟಿಫಿಕೇಶನ್ ಬಂದ್ ಮಾಡಿ. ಆನ್‌ಕಾಲ್ (ತೊಂದರೆ ಬಂದರೆ ಯಾವ ಹೊತ್ತಿಗೂ ಎದ್ದು ನೋಡುವ ಪಾಳಿ) ಇದ್ದರೆ ಅದಕ್ಕೆ ಬೇರೆ ಅಲಾರಂ ಹೇಗೂ ಇರುತ್ತದೆ.

8. ಬರೆಯುವುದನ್ನು ರೂಢಿಸಿಕೊಳ್ಳಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಆಫೀಸಿನಲ್ಲಿ ಪಕ್ಕಕ್ಕೆ ತಿರುಗಿ ಕೇಳಿದರೆ ಮುಗಿಯುತ್ತಿದ್ದದ್ದು ಇಲ್ಲಿ ಬರಹದಲ್ಲೇ ಆಗಬೇಕು. ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) 1991ರಿಂದ ಹೀಗೇ ಬೆಳೆದಿದೆ. ಒಬ್ಬರ ಮುಖ ಒಬ್ಬರು ನೋಡದ ಸಾವಿರಾರು ಜನ ಇಮೇಲ್‌ನಲ್ಲಿ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕಳಿಸಿ, ಬರಹದಲ್ಲೇ ವಾದ ಮಾಡಿ ಕಟ್ಟಿದ್ದು ಅದು. ಅಲ್ಲಿ ಬದಲಾವಣೆ ಏಕೆ ಬೇಕು ಅನ್ನುವುದು ಸರಿಯಾಗಿ ಬರೆದಿಲ್ಲದಿದ್ದರೆ ಕೋಡ್ ಚೆನ್ನಾಗಿದ್ದರೂ ವಾಪಸ್ ಬರುತ್ತದೆ.

ಒಂದು ಉದಾಹರಣೆ ನೋಡಿ. "ಪೇಮೆಂಟ್ ಎಪಿಐ ಕೆಲಸ ಮಾಡ್ತಿಲ್ಲ, ಯಾರಾದ್ರೂ ನೋಡ್ತೀರಾ?" ಇದಕ್ಕೆ ಉತ್ತರ ಬರಲು ಮಧ್ಯಾಹ್ನವಾಗುತ್ತದೆ, ಅದೂ "ಏನು ಎರರ್?" ಅನ್ನುವ ಪ್ರಶ್ನೆ. ಅದನ್ನೇ ಹೀಗೆ ಬರೆಯಬಹುದು: "ಸ್ಟೇಜಿಂಗ್‌ನಲ್ಲಿ ರೀಫಂಡ್ ಕರೆ 30 ಸೆಕೆಂಡ್‌ಗೆ ಟೈಮ್‌ಔಟ್ ಆಗ್ತಿದೆ. ನಿನ್ನೆ ಸಂಜೆಯ ಡಿಪ್ಲಾಯ್ ನಂತರ ಶುರು. ಡೇಟಾಬೇಸ್ ಕನೆಕ್ಷನ್ ಪೂಲ್ ತುಂಬಿದೆಯಾ ನೋಡಿದೆ, ಇಲ್ಲ. ಲಾಗ್ ಲಿಂಕ್ ಇಲ್ಲಿದೆ. ಕ್ಯೂ ಕಾನ್ಫಿಗ್ ಬದಲಾದದ್ದು ಕಾರಣ ಅಂತ ಅನುಮಾನ. ಅದನ್ನು ಬರೆದವರು ಒಮ್ಮೆ ನೋಡಬಹುದಾ? ಅಲ್ಲಿವರೆಗೆ ನಾನು ಟೆಸ್ಟ್ ಬರೆಯುತ್ತಿರುತ್ತೇನೆ." ಬರೆಯಲು ಐದು ನಿಮಿಷ ಜಾಸ್ತಿ. ಉತ್ತರ ಮಾತ್ರ ಒಂದೇ ಸಲಕ್ಕೆ ಬರುತ್ತದೆ. ಬರೆಯುವಾಗಲೇ ಕಾರಣ ನಮಗೇ ಹೊಳೆಯುವುದೂ ಉಂಟು.

ಪುಲ್ ರಿಕ್ವೆಸ್ಟ್‌ನ (ನನ್ನ ಕೋಡ್ ನೋಡಿ ಸೇರಿಸಿಕೊಳ್ಳಿ ಅಂತ ತಂಡಕ್ಕೆ ಕಳಿಸುವ ಕೋರಿಕೆ) ವಿವರಣೆಯೂ ಹಾಗೇ. ಏನು ಬದಲಾಯಿತು ಅಂತ ಕೋಡ್ ಹೇಳುತ್ತದೆ. ಏಕೆ, ಯಾವ ಬೇರೆ ದಾರಿ ಯೋಚಿಸಿ ಬಿಟ್ಟಿರಿ, ರಿವ್ಯೂ ಮಾಡುವವರು ಎಲ್ಲಿ ಗಮನ ಕೊಡಬೇಕು, ಇದನ್ನು ನೀವು ಬರೆಯಿರಿ. ವಾರದ ಕೊನೆಗೆ ಮ್ಯಾನೇಜರ್‌ಗೆ ನಾಲ್ಕು ಸಾಲು ಕಳಿಸಿ: ಮುಗಿದದ್ದು, ಸಿಕ್ಕಿಕೊಂಡದ್ದು, ಮುಂದಿನದು. ಅದರದೇ ಒಂದು ಪ್ರತಿ ನಿಮ್ಮಲ್ಲಿರಲಿ, ಅಪ್ರೈಸಲ್ ಸಮಯದಲ್ಲಿ ವರ್ಷದ ಕೆಲಸ ನೆನಪಿಸಿಕೊಳ್ಳಲು ಒದ್ದಾಡಬೇಕಿಲ್ಲ.

ಇದು ಸುಮ್ನೆ ಹೇಳುವ ಬುದ್ಧಿಮಾತಲ್ಲ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್‌ಸೆಂಟರ್‌ನಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತ್ತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದ ಆಫೀಸಿನವರಿಗೆ ಹೋಲಿಸಿದರೆ ಇವರಿಗೆ ಬಡ್ತಿ ಸಿಕ್ಕಿದ್ದು ಕಡಿಮೆ. ಕಣ್ಣಿಗೆ ಬೀಳದವರು ನೆನಪಿಗೆ ಬರುವುದಿಲ್ಲ. ಅದೇ ಕಂಪನಿಯಲ್ಲಿ ವಾರಕ್ಕೆ ಎರಡು ದಿನ ಮನೆ, ಮೂರು ದಿನ ಆಫೀಸು ಮಾಡಿ 1,600ಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನ 2024ರಲ್ಲಿ ಬಂತು. ಇದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳೂ ಇದ್ದರು. ಬಡ್ತಿಯಲ್ಲಿ ವ್ಯತ್ಯಾಸವಿರಲಿಲ್ಲ, ಬರೆದ ಕೋಡ್‌ನ ಪ್ರಮಾಣದಲ್ಲೂ ಇರಲಿಲ್ಲ, ಕೆಲಸ ಬಿಡುವವರು ಮೂರನೇ ಒಂದು ಭಾಗದಷ್ಟು ಕಡಿಮೆಯಾದರು. ಪೂರ್ತಿ ಮನೆಯಿಂದ ಕೆಲಸ ಮಾಡುವವರು ಕಣ್ಣಿಗೆ ಬೀಳದ ಈ ಕೊರತೆಯನ್ನು ಬರಹದಿಂದ ತಾವೇ ತುಂಬಿಕೊಳ್ಳಬೇಕು.

9. ಹೊಸಬರಾಗಿದ್ದರೆ ಸ್ವಲ್ಪ ತಡೆಯಿರಿ

ಕಾಲೇಜು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ನಾನು ಊರಿಗೆ ಬನ್ನಿ ಅನ್ನುವುದಿಲ್ಲ. ಸೀನಿಯರ್ ಒಬ್ಬರು ಡಿಬಗ್ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡುವುದರಲ್ಲಿ ಇರುವ ಕಲಿಕೆ ಬೇರೆಲ್ಲೂ ಸಿಗುವುದಿಲ್ಲ. ಮೊದಲ ಒಂದೆರಡು ವರ್ಷ ಆಫೀಸಿನಲ್ಲಿ ಕಳೆಯಿರಿ. ಮನೆಯ ಪರಿಸ್ಥಿತಿಯಿಂದ ಬರಲೇಬೇಕಾದರೆ, ದಿನಕ್ಕೆ ಒಂದು ಗಂಟೆ ಸ್ಕ್ರೀನ್ ಹಂಚಿಕೊಂಡು ಜೊತೆಯಲ್ಲಿ ಕೋಡ್ ಬರೆಯಲು ಒಬ್ಬ ಸೀನಿಯರನ್ನು ಕೇಳಿ. ಸಂಕೋಚ ಬೇಡ. ಸೀನಿಯರ್‌ಗಳಿಗೂ ಒಂದು ಮಾತು: ನಿಮ್ಮ ತಂಡದ ಕಿರಿಯರು ಮನೆಯಿಂದ ಕೆಲಸ ಮಾಡುತ್ತಿದ್ದರೆ, ಅವರು ಕೇಳಲಿ ಅಂತ ಕಾಯಬೇಡಿ. ನೀವೇ ಕರೆ ಮಾಡಿ.

10. ದುಡ್ಡಿನ ಕಾಗದಪತ್ರ

ಅಪ್ಪ ಅಮ್ಮನ ಹೆಸರಿನ ಮನೆಯಲ್ಲಿದ್ದು ಅವರಿಗೆ ನಿಜವಾಗಿ ಬಾಡಿಗೆ ಕೊಟ್ಟರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳಬಹುದು. ಹೊಸ ಪದ್ಧತಿಯಲ್ಲಿ ಅದು ಇಲ್ಲ. ಬಾಡಿಗೆ ಬ್ಯಾಂಕ್ ಮೂಲಕ ಹೋಗಲಿ. ವರ್ಷಕ್ಕೆ 1 ಲಕ್ಷ ದಾಟಿದರೆ ಅವರ ಪ್ಯಾನ್ ಬೇಕು, ಮತ್ತು ಅದು ಅವರ ಆದಾಯದಲ್ಲಿ ಕಾಣಬೇಕು. ಕೆಲಸದ ಊರು ಬದಲಾದರೆ ಕೆಲವು ಕಂಪನಿಗಳು ಸಂಬಳವನ್ನೂ ಆ ಊರಿಗೆ ತಕ್ಕಂತೆ ಇಳಿಸುತ್ತವೆ. ಮೊದಲ ಮೇಲ್‌ನಲ್ಲೇ ಇದನ್ನೂ ಸೇರಿಸಿ ಕೇಳಿ.

11. ಆಫೀಸಿಗೆ ಹೋದಾಗ ಏನು ಮಾಡಬೇಕು

ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬೆಂಗಳೂರಿಗೆ ಹೋಗಿ ಬನ್ನಿ. ಸಾಗರದಿಂದ ತಾಳಗುಪ್ಪದ ರೈಲಿದೆ, ಹುಬ್ಬಳ್ಳಿ ಧಾರವಾಡದವರಿಗೆ 2023ರಿಂದ ವಂದೇ ಭಾರತ್ ಇದೆ, ಶಿರಸಿಯವರಿಗೆ ರಾತ್ರಿ ಬಸ್ಸು. ರಾತ್ರಿ ಪ್ರಯಾಣ ಮಾಡಿದ ದಿನ ಮುಖ್ಯವಾದ ಡಿಪ್ಲಾಯ್ (ಹೊಸ ಕೋಡನ್ನು ಸರ್ವರ್‌ಗೆ ಹಾಕುವ ಕೆಲಸ) ಇಟ್ಟುಕೊಳ್ಳಬೇಡಿ.

ಅಲ್ಲಿ ಹೋಗಿ ಹೆಡ್‌ಫೋನ್ ಹಾಕಿ ಕೋಡ್ ಬರೆಯುತ್ತಾ ಕೂತರೆ ಹೋದದ್ದು ದಂಡ. ಕೋಡ್ ಮನೆಯಲ್ಲೇ ಚೆನ್ನಾಗಿ ಬರೆಯಬಹುದು. ಬರಹದಲ್ಲಿ ಎಷ್ಟೇ ಜಗ್ಗಿದರೂ ಬಗೆಹರಿಯದ ಡಿಸೈನ್ ಚರ್ಚೆಯನ್ನು ಆ ದಿನಕ್ಕೆ ಇಟ್ಟುಕೊಳ್ಳಿ, ವೈಟ್‌ಬೋರ್ಡ್ ಮುಂದೆ ನಿಂತು ಮುಗಿಸಿ. ತಂಡಕ್ಕೆ ಹೊಸದಾಗಿ ಸೇರಿದವರ ಜೊತೆ ಊಟ ಮಾಡಿ. ಟೆಸ್ಟಿಂಗ್‌ನವರು, ಪ್ರಾಡಕ್ಟ್‌ನವರು, ಪಕ್ಕದ ತಂಡದವರು, ಯಾರ ಜೊತೆ ಚಾಟ್‌ನಲ್ಲಿ ಮಾತು ಗಡುಸಾಗಿತ್ತೋ ಅವರು, ಇವರನ್ನೆಲ್ಲ ಕಾಫಿಗೆ ಕರೆಯಿರಿ. ಮ್ಯಾನೇಜರ್ ಜೊತೆ ಅರ್ಧ ಗಂಟೆ ಮೊದಲೇ ಗೊತ್ತು ಮಾಡಿಕೊಂಡು, ಮುಂದಿನ ಆರು ತಿಂಗಳಲ್ಲಿ ಯಾವ ಕೆಲಸ ಬರಲಿದೆ, ಅದರಲ್ಲಿ ನಿಮ್ಮ ಪಾಲೇನು ಅಂತ ನೇರವಾಗಿ ಕೇಳಿ. ಹೊಸ ಪ್ರಾಜೆಕ್ಟ್‌ಗಳ ಸುದ್ದಿ ಮೊದಲು ಓಡಾಡುವುದು ಕ್ಯಾಂಟೀನ್‌ನಲ್ಲಿ, ಮೇಲ್‌ನಲ್ಲಿ ಬರುವಷ್ಟರಲ್ಲಿ ಹೆಸರುಗಳು ತೀರ್ಮಾನವಾಗಿರುತ್ತವೆ. ವಾಪಸ್ ಬರುವಾಗ ಹಳೆಯ ಮಾನಿಟರ್ ಕೇಬಲ್, ಹೆಚ್ಚುವರಿ ಚಾರ್ಜರ್ ಐಟಿ ವಿಭಾಗದಲ್ಲಿ ಬಿದ್ದಿದ್ದರೆ ಕೇಳಿ ಬರೆಸಿ ತನ್ನಿ. ನಮ್ಮ ಪೇಟೆಯ ಅಂಗಡಿಗಳಲ್ಲಿ ಅವು ಬೇಕಾದಾಗ ಸಿಗುವುದಿಲ್ಲ.